ಡಾಕ್‌ಫೆಚರ್: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ಫೈಲಿನ ಹೆಸರು ಮರೆತಿದೆ, ಒಳಗಿದ್ದ ಒಂದು ಸಾಲು ಮಾತ್ರ ನೆನಪಿದೆ. ಈ ಪಾಡು ಯಾರದ್ದಾದರೂ ಆಗಿದ್ದರೆ ನಾನು ಧೈರ್ಯವಾಗಿ ಹೇಳುವ ಹೆಸರು ಡಾಕ್‌ಫೆಚರ್. ಇದು ನಮ್ಮ ಕಂಪ್ಯೂಟರಿನ ಫೈಲ್‌ಗಳ ಒಳಗಿನ ಪಠ್ಯವನ್ನು ಹುಡುಕಿಕೊಡುವ ಸಾಫ್ಟ್‌ವೇರ್. ಉಚಿತ, ಓಪನ್ ಸೋರ್ಸ್, ಜಾವಾ ಮೇಲೆ ಓಡುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಪ್ರೊ ಆವೃತ್ತಿ ಬೇರೆ ಇದೆ, ನಾನು ಬರೆಯುತ್ತಿರುವುದು ಉಚಿತದ್ದರ ಬಗ್ಗೆ.

ಇದಕ್ಕೊಂದು ಬೇರೆ ಸಾಫ್ಟ್‌ವೇರ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಕಾರಣ ಇದೆ. ಈಗಿನ ವರ್ಡ್ ಫೈಲ್ ಅಂದರೆ ನಿಜವಾಗಿ ಒಂದು ಜಿಪ್ ಫೈಲ್. ಅದರ ಒಳಗೆ ಎಕ್ಸ್‌ಎಂಎಲ್ ಎಂಬ, ಗುರುತುಪಟ್ಟಿಗಳ ನಡುವೆ ಬರೆಯುವ ರೂಪದಲ್ಲಿ ಪಠ್ಯ ಇರುತ್ತದೆ, ಅದೂ ಇಡಿಯಾಗಿ ಅಲ್ಲ. ಒಂದು ವಾಕ್ಯದ ನಡುವೆ ಯಾರೋ ಒಂದು ಪದವನ್ನು ದಪ್ಪ ಮಾಡಿದ್ದರೆ ಆ ವಾಕ್ಯ ಮೂರು ತುಂಡಾಗಿ ಕೂತಿರುತ್ತದೆ. ಸಾದಾ ಪಠ್ಯ ಹುಡುಕುವ ಟೂಲ್‌ಗಳಿಗೆ ಇದು ಕಾಣುವುದೇ ಇಲ್ಲ. ಪಿಡಿಎಫ್ ಕಥೆಯೂ ಹೆಚ್ಚುಕಡಿಮೆ ಇದೇ. ಡಾಕ್‌ಫೆಚರ್ ಫೈಲನ್ನು ಬಿಚ್ಚಿ, ಪಠ್ಯ ಹೊರತೆಗೆದು, ಮೊದಲೇ ಇಂಡೆಕ್ಸ್ ಮಾಡಿಡುತ್ತದೆ, ಅಂದರೆ ಯಾವ ಪದ ಯಾವ ಫೈಲಿನಲ್ಲಿದೆ ಅಂತ ಪಟ್ಟಿ ಮಾಡಿಡುತ್ತದೆ. ಹಿಂದೆ ಕೆಲಸ ಮಾಡುವುದು ಅಪಾಚೆ ಲೂಸೀನ್ ಎಂಬ ಹುಡುಕಾಟದ ಲೈಬ್ರರಿ, ಎಷ್ಟೋ ದೊಡ್ಡ ಸರ್ಚ್ ವ್ಯವಸ್ಥೆಗಳ ತಳಪಾಯವೂ ಅದೇ. ದೊಡ್ಡ ಫೋಲ್ಡರ್ ಆದರೆ ಮೊದಲ ಸಲ ಇಂಡೆಕ್ಸ್ ಆಗಲು ಸಮಯ ಹಿಡಿಯುತ್ತದೆ, ಆಮೇಲೆ ಎಂಟರ್ ಒತ್ತಿದ ತಕ್ಷಣ ಉತ್ತರ.

ನನಗೆ ತುಂಬಾ ಇಷ್ಟವಾಗಿರುವುದು ಮುನ್ನೋಟದ ಜಾಗ. ಸಿಕ್ಕ ಫೈಲ್ ಮೇಲೆ ಕ್ಲಿಕ್ ಮಾಡಿದರೆ ಅದರ ಪಠ್ಯ ಅಲ್ಲೇ ಕಾಣುತ್ತದೆ, ಹುಡುಕಿದ ಪದಗಳಿಗೆ ಬಣ್ಣ ಬಂದಿರುತ್ತದೆ, ಬಾಣದ ಗುಂಡಿ ಒತ್ತುತ್ತಾ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಹತ್ತು ಪಿಡಿಎಫ್ ತೆರೆದು ಮುಚ್ಚುವ ಕೆಲಸ ತಪ್ಪಿತು ಅಲ್ವಾ, ಅದೇ ದೊಡ್ಡದು.

ಹೊಸಬರು ಎಡವುವುದು ಉದ್ಧರಣ ಚಿಹ್ನೆಯ ವಿಷಯದಲ್ಲಿ. ಬಾಡಿಗೆ ಒಪ್ಪಂದ ಅಂತ ಸುಮ್ನೆ ಟೈಪ್ ಮಾಡಿದರೆ ಎರಡರಲ್ಲಿ ಒಂದು ಪದ ಇರುವ ಫೈಲ್‌ಗಳೂ ಬಂದು ತುಂಬಿಕೊಳ್ಳುತ್ತವೆ. "ಬಾಡಿಗೆ ಒಪ್ಪಂದ" ಅಂತ ಉದ್ಧರಣ ಚಿಹ್ನೆಯ ಒಳಗೆ ಹಾಕಿ, ಅದೇ ಕ್ರಮದಲ್ಲಿ ಅಕ್ಕಪಕ್ಕ ಇರುವುದು ಮಾತ್ರ ಬರುತ್ತದೆ. ಸಾಲು ಸರಿಯಾಗಿ ನೆನಪಿಲ್ಲದಿದ್ದರೆ "ಬಾಡಿಗೆ ಒಪ್ಪಂದ"~10 ಅಂತ ಕೊಡಿ. ಎರಡು ಪದಗಳ ನಡುವೆ ಬೇರೆ ಒಂದಿಷ್ಟು ಪದ ಇದ್ದರೂ ಹಿಡಿಯುತ್ತದೆ. ನಾನು ಅತಿ ಹೆಚ್ಚು ಬಳಸುವುದು ಇದನ್ನೇ, ಯಾಕಂದರೆ ನೆನಪಿನಲ್ಲಿರುವ ಸಾಲು ಮತ್ತು ಫೈಲಿನಲ್ಲಿರುವ ಸಾಲು ಒಂದೇ ಆಗಿರುವುದು ಕಡಿಮೆ.

ಈಗ ಮುಖ್ಯ ವಿಷಯ. ಉದ್ಧರಣ ಚಿಹ್ನೆ ಹಾಕಿದರೂ ಇದು ನೋಡುವುದು ಪದಗಳನ್ನು, ಒಂದೊಂದು ಅಕ್ಷರ, ಒಂದೊಂದು ಚಿಹ್ನೆಯನ್ನಲ್ಲ. ಇಂಡೆಕ್ಸ್ ಮಾಡುವಾಗಲೇ ಆವರಣ, ಅಲ್ಪವಿರಾಮ ಎಲ್ಲ ಬಿದ್ದುಹೋಗಿರುತ್ತವೆ. "ಕಲಂ 14(2)" ಅಂತ ಹುಡುಕಿದರೆ "ಕಲಂ 14, 2" ಇರುವ ಫೈಲೂ ಬರುತ್ತದೆ. "ಸಿ++" ಹುಡುಕಿದರೆ ಒಂಟಿ ಸಿ ಇರುವ ಫೈಲ್‌ಗಳೆಲ್ಲ ಬರುತ್ತವೆ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರವೂ ಒಂದೇ ಲೆಕ್ಕ. ಇದರಲ್ಲಿ ಅನುಕೂಲವೂ ಇದೆ, ಫೈಲಿನಲ್ಲಿ ಬಾಗಿದ ಉದ್ಧರಣ ಚಿಹ್ನೆ ಇದೆಯೋ ನೇರದ್ದೋ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಕೋಡ್, ಲಾಗ್ ಫೈಲ್, ಚಿಹ್ನೆಯೇ ಮುಖ್ಯವಾದ ಕಡೆ ಇದನ್ನು ನಂಬಬೇಡಿ. ಅಲ್ಲಿಗೆ ರಿಪ್‌ಗ್ರೆಪ್ ಎಂಬ ಇನ್ನೊಂದು ಹುಡುಕುವ ಟೂಲ್ ಸರಿ. ಅದು ಸಾದಾ ಪಠ್ಯ ಫೈಲ್‌ಗಳಲ್ಲಿ ಇದ್ದದ್ದನ್ನು ಇದ್ದಹಾಗೇ ಹುಡುಕಬಲ್ಲದು. ನನ್ನ ಕಂಪ್ಯೂಟರಿನಲ್ಲಿ ಎರಡೂ ಇವೆ, ಎರಡೂ ಬೇಕು.

ಕನ್ನಡದ ಫೈಲ್ ಜಾಸ್ತಿ ಇರುವವರಿಗೆ ಇನ್ನೆರಡು ಮಾತು. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಪರದೆ ಮೇಲೆ ಕನ್ನಡವಾಗಿ ಕಂಡರೂ ಫೈಲಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಪರಿವರ್ತಿಸದೆ ಯಾವ ಟೂಲೂ ಹುಡುಕಿಕೊಡಲಾರದು. ಯೂನಿಕೋಡ್ ಆದರೂ "ಸಾಫ್ಟ್‌ವೇರ್" ಅಂತ ಬರೆಯುವಾಗ ಅರ್ಧಾಕ್ಷರದ ಪಕ್ಕ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿರುತ್ತದೆ. ಅದನ್ನು ಬಿಟ್ಟು "ಸಾಫ್ಟ್ವೇರ್" ಅಂತ ಟೈಪ್ ಮಾಡಿದವರ ಫೈಲ್ ನಿಮ್ಮ ಹುಡುಕಾಟಕ್ಕೆ ಸಿಗುವುದಿಲ್ಲ. ಇಂಥ ಪದಗಳಿಗೆ ನಾನು ಎರಡು ರೂಪವನ್ನೂ ಕೊಟ್ಟು ಹುಡುಕುತ್ತೇನೆ.

ಪಿಡಿಎಫ್‌ನಲ್ಲೂ ಇಂಥದ್ದಿದೆ. ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಮುರಿದ ಪದ ಎರಡು ಪದವಾಗಿ ಹೋಗಬಹುದು. ಎರಡು ಕಾಲಂ ಇರುವ ಪುಟದಲ್ಲಿ ಪಠ್ಯದ ಕ್ರಮವೇ ಅದಲುಬದಲಾಗಬಹುದು. ಹೀಗಾಗಿ ಉದ್ದ ವಾಕ್ಯ ಹಾಕಬೇಡಿ. ಆ ವಾಕ್ಯದಲ್ಲಿ ಬೇರೆಲ್ಲೂ ಬರದಂಥ ಎರಡು ಮೂರು ಪದ ಆರಿಸಿ, ಅಷ್ಟೇ ಸಾಕು.

ಇಂಡೆಕ್ಸ್ ಹಳತಾಗಿದ್ದರೆ ಹೊಸ ಫೈಲ್ ಕಾಣುವುದಿಲ್ಲ, ಎಡಗಡೆಯ ಪಟ್ಟಿಯಲ್ಲಿ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಅಪ್‌ಡೇಟ್ ಕೊಡಿ. ಸ್ಕ್ಯಾನ್ ಮಾಡಿದ ಪುಟಗಳು ಬರೀ ಚಿತ್ರ, ಅವುಗಳಲ್ಲಿ ಹುಡುಕಲು ಪಠ್ಯವೇ ಇರುವುದಿಲ್ಲ. ಅವನ್ನು ಮೊದಲು ಟೆಸರಾಕ್ಟ್ ಥರದ ಒಸಿಆರ್ (ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯ ಮಾಡುವ ಸಾಫ್ಟ್‌ವೇರ್) ಮೂಲಕ ದಾಟಿಸಿ, ಪಠ್ಯ ಸೇರಿದ ಪಿಡಿಎಫ್ ಮಾಡಿಕೊಂಡು, ಆಮೇಲೆ ಇಂಡೆಕ್ಸ್ ಮಾಡಿ. ಮಸುಕಾದ ಪುಟಗಳಲ್ಲಿ ಒಸಿಆರ್ ಅಕ್ಷರ ತಪ್ಪಾಗಿ ಓದಿರುತ್ತದೆ, ಅಂಥ ಕಡೆ ಪದದ ಕೊನೆಗೆ ~ ಹಾಕಿದರೆ ಹತ್ತಿರದ ರೂಪಗಳೂ ಸಿಗುತ್ತವೆ.