ಬಿಜೈಯಲ್ಲಿ ಫೈಬರ್ ಇಂಟರ್ನೆಟ್: ಎಂಟು ತಿಂಗಳ ಬಳಕೆ, ಒಂದು ದರ ಏರಿಕೆ

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಗೆ ಸ್ಥಳೀಯ ಸಂಸ್ಥೆಯೊಂದರ ಫೈಬರ್ ಸಂಪರ್ಕ ಪಡೆದು ಎಂಟು ತಿಂಗಳಾಯಿತು. 100 ಎಂಬಿಪಿಎಸ್ ಯೋಜನೆಗೆ ತಿಂಗಳಿಗೆ 599 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಹಗಲಿನ ಸೇವೆಯ ಬಗ್ಗೆ ದೂರಿಲ್ಲ. ಜುಲೈ ತಿಂಗಳ ಗಾಳಿಮಳೆಗೆ ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾದಾಗ, ಮರುದಿನ ಬೆಳಿಗ್ಗೆಯೇ ಇಬ್ಬರು ಹುಡುಗರು ಏಣಿ ಹೊತ್ತು ಬಂದು, ಕೊಡೆ ಹಿಡಿದುಕೊಂಡೇ ಫೈಬರ್ ಬೆಸೆದು ಹೋದರು.

ತೊಂದರೆಯೆಲ್ಲ ರಾತ್ರಿ ಎಂಟರಿಂದ ಹತ್ತೂವರೆಯವರೆಗೆ. ಕ್ರಿಕೆಟ್ ಪಂದ್ಯವಿದ್ದರೆ ಚಿತ್ರ ಮಸುಕಾಗಿ ನಿಂತೇ ಬಿಡುತ್ತದೆ. ಪಕ್ಕದ ಮನೆಯವರ ಬೊಬ್ಬೆ ಕೇಳಿದ ಎಷ್ಟೋ ಹೊತ್ತಿನ ಮೇಲೆ ನಮಗೆ ವಿಕೆಟ್ ಬೀಳುತ್ತದೆ. ಅದೇ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್ ಮಾತ್ರ 94 ಎಂದು ತೋರಿಸುತ್ತದೆ, ಏಕೆಂದರೆ ಆ ಪರೀಕ್ಷೆಯ ಸರ್ವರ್ ಸಂಸ್ಥೆಯ ಜಾಲದೊಳಗೇ ಇದೆ, ಹೊರಗಿನ ಹಾದಿಯನ್ನು ಅದು ಅಳೆಯುವುದೇ ಇಲ್ಲ.

ಹೀಗಿರುವಾಗ ಕಳೆದ ತಿಂಗಳು ದರ 699ಕ್ಕೆ ಏರಿತು. ಕಾರಣ ವಿಚಾರಿಸಿದಾಗ, ಎಲ್ಲರೂ ಒಟಿಟಿ ನೋಡುವುದರಿಂದ ಜಾಲವನ್ನು ಹಿಗ್ಗಿಸಬೇಕಾಗಿದೆ, ಆ ಕಂಪನಿಗಳು ನಮಗೆ ಬಿಡಿಗಾಸೂ ಕೊಡುವುದಿಲ್ಲ ಎಂಬ ಉತ್ತರ ಬಂತು. ದೇಶದ ದೊಡ್ಡ ದೂರಸಂಪರ್ಕ ಕಂಪನಿಗಳ ಒಕ್ಕೂಟವಾದ ಸಿಒಎಐ ಕೂಡ ವಿಡಿಯೊ ಕಂಪನಿಗಳು ಜಾಲದ ಖರ್ಚಿನಲ್ಲಿ ಪಾಲು ಕೊಡಬೇಕೆಂದು ಕೇಳುತ್ತಲೇ ಬಂದಿದೆ.

ಈ ವಾದ ನನಗೆ ಒಪ್ಪಿಗೆಯಾಗಲಿಲ್ಲ. ವಿಡಿಯೊ ತಾನಾಗಿ ನಮ್ಮ ಮನೆಗೆ ನುಗ್ಗುವುದಿಲ್ಲ. ನಾನು ಕೇಳಿದ್ದರಿಂದ ಬರುತ್ತದೆ, ಅದನ್ನು ತಂದುಕೊಡುವುದಕ್ಕೆಂದೇ ನಾನು ತಿಂಗಳ ಹಣ ಕಟ್ಟುತ್ತೇನೆ. ನಮ್ಮ ಮನೆಯ ಪೆಟ್ಟಿಗೆ ಜಿಪಿಒಎನ್ ಎಂಬ ಫೈಬರ್ ಹಂಚಿಕೆಯ ಮಾದರಿಯದು. ಅದರಲ್ಲಿ ಸುಮಾರು 2.5 ಗಿಗಾಬಿಟ್ (2,500 ಎಂಬಿಪಿಎಸ್) ಸಾಮರ್ಥ್ಯದ ಒಂದು ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. 64 ಮನೆಯವರೂ ಏಕಕಾಲಕ್ಕೆ ಕುಳಿತರೂ ತಲಾ 39 ಎಂಬಿಪಿಎಸ್ ಸಿಗಬೇಕು. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಮಾತ್ರ. ಆದ್ದರಿಂದ ಕೊರತೆ ನಮ್ಮ ಓಣಿಯಲ್ಲಿಲ್ಲ, ಸಂಸ್ಥೆಯು ಹೊರಗಿನ ದೊಡ್ಡ ಜಾಲಗಳಿಂದ ಕೊಳ್ಳುವ ಬ್ಯಾಂಡ್‌ವಿಡ್ತ್‌ನಲ್ಲಿದೆ ಎಂದೇ ನನ್ನ ಅನುಮಾನ.

ಸಂಸ್ಥೆಯ ಕಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ. ಹೆಚ್ಚು ನೋಡಲಾಗುವ ಚಿತ್ರಗಳನ್ನು ಸ್ಥಳೀಯವಾಗಿಯೇ ಇರಿಸಿಕೊಳ್ಳುವ ಸರ್ವರ್‌ಗಳನ್ನು ನೆಟ್‌ಫ್ಲಿಕ್ಸ್ ಉಚಿತವಾಗಿ ಕೊಡುತ್ತದಾದರೂ, ಅದಕ್ಕೆ ಸಾಕಷ್ಟು ಟ್ರಾಫಿಕ್ ಇರಬೇಕು, ಜಾಗ ಮತ್ತು ವಿದ್ಯುತ್ತಿನ ಖರ್ಚು ಸಂಸ್ಥೆಯದೇ. ನೇರಪ್ರಸಾರದ ಪಂದ್ಯವನ್ನಂತೂ ಮೊದಲೇ ತಂದಿಟ್ಟುಕೊಳ್ಳಲಾಗದು. ಆದರೆ ವಿಡಿಯೊ ಕಂಪನಿಗಳಿಂದ ವಸೂಲು ಮಾಡಿದರೆ ಹೊರೆ ಇಳಿಯುತ್ತದೆಂಬ ನಂಬಿಕೆಗೆ ದಕ್ಷಿಣ ಕೊರಿಯಾದ ಉದಾಹರಣೆ ಬಲ ಕೊಡುವುದಿಲ್ಲ: ಅಲ್ಲಿನ ಜಾಲ ಶುಲ್ಕ ದುಬಾರಿಯೆಂದು ಆಟಗಳ ನೇರಪ್ರಸಾರದ ತಾಣವಾದ ಟ್ವಿಚ್ 2024ರ ಫೆಬ್ರುವರಿಯಲ್ಲಿ ಸೇವೆಯನ್ನೇ ನಿಲ್ಲಿಸಿತು, ನಷ್ಟ ನೋಡುಗರಿಗಾಯಿತು.

ಸೇವೆಗೆ ಐದರಲ್ಲಿ ಮೂರು ಅಂಕ. ಅದರಲ್ಲಿ ಒಂದು ಏಣಿ ಹೊತ್ತು ಬಂದ ಹುಡುಗರಿಗೆ. ಹೆಚ್ಚುವರಿ ನೂರು ರೂಪಾಯಿ ಕೊಡಲು ನನ್ನ ತಕರಾರಿಲ್ಲ, ಆದರೆ ರಾತ್ರಿ ಒಂಬತ್ತಕ್ಕೆ ಕನಿಷ್ಠ ಎಷ್ಟು ವೇಗ ಸಿಗುತ್ತದೆಂಬುದನ್ನು ಸಂಸ್ಥೆ ಬಿಲ್ಲಿನ ಮೇಲೆ ಬರೆದುಕೊಡಲಿ. ಆ ಮಾತಿಗೆ ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ.