ತುಂಬಿದ ಬಾಟಲಿ ತುಂಬಿಯೇ ಮನೆಗೆ ಬರುತ್ತಿತ್ತು

ಮಗಳ ಟಿಸಿ ಕೈಗೆ ಬಂದಿದೆ, ಇನ್ನು ಅವಳ ಶಾಲೆಯ ಬಗ್ಗೆ ಧೈರ್ಯವಾಗಿ ಬರೆಯಬಹುದು. ಐದನೇ ಕ್ಲಾಸಿಗೆ ಸೇರಿದವಳು ಎಸ್ಸೆಸ್ಸೆಲ್ಸಿ ಮುಗಿಸಿಕೊಂಡೇ ಹೊರಗೆ ಬಂದಳು. ಮೈಸೂರಿನ ಹಳೆಯ ಖಾಸಗಿ ಹೆಣ್ಣುಮಕ್ಕಳ ಶಾಲೆ, ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ಹೆಸರು ಹಾಕುವುದಿಲ್ಲ. ಪರಿಚಯದವರ ಮಕ್ಕಳು ಇನ್ನೂ ಅಲ್ಲೇ ಓದುತ್ತಿದ್ದಾರೆ. ರಿಸಲ್ಟ್ ಎಷ್ಟು, ಲ್ಯಾಬ್ ಹೇಗಿದೆ, ಸ್ಮಾರ್ಟ್ ಕ್ಲಾಸ್ ಇದೆಯಾ ಎನ್ನುವುದೆಲ್ಲ ಗೇಟಿನ ಫ್ಲೆಕ್ಸ್‌ನಲ್ಲೇ ಸಿಗುತ್ತದೆ. ನಾನು ಹೇಳಬೇಕಾಗಿಲ್ಲ.

ಈ ಶಾಲೆಯೇ ಬೇಕು ಅಂದದ್ದು ನಮ್ಮ ಅತ್ತೆ. 1881ರಲ್ಲೇ ಹೆಣ್ಣುಮಕ್ಕಳಿಗೆ ಮಹಾರಾಣಿ ಶಾಲೆ ಶುರುವಾದ ಊರು ಇದು. ಇಲ್ಲಿನ ಹಿರಿಯರಿಗೆ ಹೆಣ್ಣುಮಕ್ಕಳ ಶಾಲೆ ಅಂದರೆ ಒಂದು ಗೌರವ, ಒಂದು ನೆಮ್ಮದಿ. ನನಗೆ ಅಂಥ ಆಸೆ ಇರಲಿಲ್ಲ. ಮನೆಗೆ ಹತ್ತಿರ, ಫೀಸು ಸಿಬಿಎಸ್‌ಇ ಶಾಲೆಗಳಷ್ಟಿಲ್ಲ, ಕಂತಿನಲ್ಲಿ ಕಟ್ಟಬಹುದು. ನಾನು ಸಹಕಾರ ಸಂಘದಲ್ಲಿ ಗುಮಾಸ್ತೆ, ಯಜಮಾನರದು ಸಣ್ಣ ಜೆರಾಕ್ಸ್ ಅಂಗಡಿ. ನಮಗೆ ಅಷ್ಟು ಸಾಕಾಗಿತ್ತು.

ಬೆಳಗ್ಗೆ ಏಳೂವರೆಗೆ ನಮ್ಮ ಮನೆಯಲ್ಲಿ ಜಡೆ ಹಾಕುವ ಹೊತ್ತು. ಒಂದು ಜಡೆ ನಡೆಯುವುದಿಲ್ಲ, ಎರಡೇ ಬೇಕು. ಬೈತಲೆ ನೇರ ಇರಬೇಕು, ಜಡೆ ಮಡಚಿ ಮೇಲಕ್ಕೆ ಕಟ್ಟಬೇಕು, ಕಿವಿಯ ಹಿಂದೆ ರಿಬ್ಬನ್ ಹೂವಿನ ಹಾಗೆ ನಿಲ್ಲಬೇಕು. ಶನಿವಾರ ಬಿಳಿ ರಿಬ್ಬನ್, ಬಿಳಿ ಕ್ಯಾನ್ವಾಸ್ ಶೂ. ಶುಕ್ರವಾರ ರಾತ್ರಿ ರಿಬ್ಬನ್ ಒಗೆದು, ಅರೆ ಒದ್ದೆ ಇರುವಾಗಲೇ ಇಸ್ತ್ರಿ ಮಾಡಿದರೆ ಗರಿಗರಿಯಾಗುತ್ತದೆ. ಶುರುವಿನಲ್ಲಿ ಬೈದುಕೊಂಡು ಹಾಕುತ್ತಿದ್ದೆ. ಆಮೇಲೆ ಅದೇ ನಮ್ಮಿಬ್ಬರ ಮಾತಿನ ಸಮಯವಾಯಿತು. ಮುಖ ಕಾಣದೆ ಬೆನ್ನು ಕೊಟ್ಟು ಕೂತ ಹುಡುಗಿ ಏನು ಬೇಕಾದರೂ ಹೇಳುತ್ತಾಳೆ. ಯಾರ ಜೊತೆ ಠೂ, ಯಾವ ಮಿಸ್ ಅತ್ತರು, ಯಾರ ಟಿಫನ್ ಡಬ್ಬಿಯಲ್ಲಿ ದಿನಾ ಒಗ್ಗರಣೆ ಅವಲಕ್ಕಿ, ಎಲ್ಲ ನನಗೆ ಗೊತ್ತಾದದ್ದು ಬಾಚಣಿಗೆ ಕೈಯಲ್ಲಿದ್ದಾಗಲೇ.

ನೀರಿನ ವಿಷಯವೂ ಹಾಗೆಯೇ ಗೊತ್ತಾಯಿತು. ಆರನೇ ಕ್ಲಾಸಿನಲ್ಲಿ ಅವಳ ಬಾಟಲಿ ಸಂಜೆ ತುಂಬಿಯೇ ವಾಪಸ್ ಬರುತ್ತಿತ್ತು. ಶಾಲೆಯಲ್ಲಿ ಫಿಲ್ಟರ್ ಇದೆ, ಅಲ್ಲೇ ಕುಡಿಯುತ್ತಾಳೆ ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಜಡೆ ಹಾಕುವಾಗ ಸುಮ್ನೆ ಕೇಳಿದೆ. "ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತಲ್ಲ ಅಮ್ಮ" ಅಂದಳು, ಲೆಕ್ಕ ಒಪ್ಪಿಸುವಷ್ಟು ಸಲೀಸಾಗಿ. ಅವಳೊಬ್ಬಳೇ ಅಲ್ಲ, ಅವಳ ಬೆಂಚಿನವರೆಲ್ಲ ಹಾಗೇ ಅಂತೆ. ಕ್ಲಾಸ್ ನಡೆಯುವಾಗ ಕೇಳಿದರೆ "ಬ್ರೇಕ್‌ನಲ್ಲಿ ಏನು ಮಾಡ್ತಿದ್ದೆ?" ಅನ್ನುತ್ತಾರೆ. ಬ್ರೇಕ್‌ನಲ್ಲಿ ಹೋದರೆ ಸಾಲು. ಸಾಲು ಮುಗಿದರೆ ಒಳಗೆ ಚಿಲಕ ಇಲ್ಲ, ಗೆಳತಿ ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಅಷ್ಟರಲ್ಲಿ ಬೆಲ್.

ಮುಂದೆ ಏನಾಗಬೇಕೋ ಅದೇ ಆಯಿತು. ಮೂತ್ರ ಮಾಡುವಾಗ ಉರಿ, ಚಳಿ ಜ್ವರ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಶಾಲೆಯಲ್ಲಿ ನೀರು ಕುಡಿಯುತ್ತೀಯಾ ಪುಟ್ಟಾ?" ಹೆಣ್ಣುಮಕ್ಕಳಿಗೆ ಮೂತ್ರ ಹೊರಬರುವ ನಾಳ ಚಿಕ್ಕದು, ಸೋಂಕು ಬೇಗ ಒಳಗೆ ಏರುತ್ತದೆ. ನೀರು ಕಡಿಮೆ ಕುಡಿದು, ಬಂದದ್ದನ್ನೂ ತಡೆದುಕೊಂಡರೆ ಇನ್ನೂ ಸುಲಭ ಎಂದು ವಿವರಿಸಿದರು.

ಹೇಳಿ, ಇದು ಗಂಡು ಹೆಣ್ಣು ಸೇರಿ ಓದುವ ಶಾಲೆಯಾಗಿದ್ದರೆ ಹೆಣ್ಣುಮಕ್ಕಳ ಕಷ್ಟ ಯಾರ ತಲೆಗೂ ಬರಲಿಲ್ಲ ಅನ್ನಬಹುದಿತ್ತು. ಇಲ್ಲಿ ಇರುವವರೆಲ್ಲ ಹೆಣ್ಣುಮಕ್ಕಳೇ, ಕಲಿಸುವವರೂ ಹೆಚ್ಚಿನವರು ಹೆಂಗಸರೇ. ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ ಇರಬೇಕು ಎಂದಿದೆ. ಹುಡುಗರೇ ಇಲ್ಲದ ಶಾಲೆ ಆ ಪರೀಕ್ಷೆಯಲ್ಲಿ ಓದದೆಯೇ ಪಾಸು! ಕೇಂದ್ರದ ಸ್ವಚ್ಛ ವಿದ್ಯಾಲಯ ಅಭಿಯಾನದ ಲೆಕ್ಕದಲ್ಲಿ 40 ಮಕ್ಕಳಿಗೆ ಒಂದು ಶೌಚಾಲಯ ಘಟಕ ಬೇಕು. ಮಗಳ ಒಂದು ಸೆಕ್ಷನ್‌ನಲ್ಲೇ ಅದಕ್ಕಿಂತ ಜಾಸ್ತಿ ಹುಡುಗಿಯರಿದ್ದರು.

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಎದ್ದು ನಿಂತು ಹೇಳಿದೆ. ಎಚ್ಚೆಮ್ ಮೇಡಂ ಕೇಳಿಸಿಕೊಂಡು, "ಮನೆಯಲ್ಲೇ ಅಭ್ಯಾಸ ಮಾಡಿಸಿ ಕಳಿಸಿ ಮಾ, ದೊಡ್ಡ ಮಕ್ಕಳಲ್ವಾ?" ಅಂದರು. ಪಕ್ಕದಲ್ಲಿದ್ದ ಅಪ್ಪಂದಿರು ಮೊಬೈಲ್ ನೋಡಲು ಶುರು ಮಾಡಿದರು. ಅಮ್ಮಂದಿರು ತಲೆಯಾಡಿಸಿದರು, ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ಮಾತ್ರ ಗೇಟಿನ ಹತ್ತಿರ ಎಲ್ಲರೂ ನನ್ನ ಕೈ ಹಿಡಿದುಕೊಂಡು "ಒಳ್ಳೇದು ಮಾಡಿದ್ರಿ" ಅಂದರು. ಒಳಗೆ ಒಂದು ಮಾತು ಆಡಿದ್ದರೆ ಏನಾಗುತ್ತಿತ್ತೋ!

ಕೇರಳದ ಶಾಲೆಗಳಲ್ಲಿ 2019ರಲ್ಲಿ ವಾಟರ್ ಬೆಲ್ ಶುರುವಾಗಿತ್ತು, ಅದೇ ವರ್ಷ ನಮ್ಮ ರಾಜ್ಯದಲ್ಲೂ ಅದನ್ನು ತರುವ ಮಾತು ಬಂದಿತ್ತು. ನೀರು ಕುಡಿಯಲಿಕ್ಕೆಂದೇ ದಿನಕ್ಕೆ ಕೆಲವು ಸಲ ಗಂಟೆ ಹೊಡೆಯುವುದು. ಆ ಪೇಪರ್ ಕಟಿಂಗ್ ತೆಗೆದುಕೊಂಡು ಹೋಗಿ ಕೊಟ್ಟೆ. ನಮ್ಮ ಶಾಲೆಯಲ್ಲೂ ಗಂಟೆ ಹೊಡೆಯತೊಡಗಿದರು. ಮಕ್ಕಳು ಎದ್ದು ನಿಂತು ಎರಡು ಗುಟುಕು ಕುಡಿದು ಕೂರಬೇಕು. ಹೊರಗೆ ಹೋಗಲು ಮಾತ್ರ ಹಳೆಯ ಪ್ರಶ್ನೆಯೇ, "ಬ್ರೇಕ್‌ನಲ್ಲಿ ಏನು ಮಾಡ್ತಿದ್ದೆ?" ಹುಡುಗಿಯರು ಬಾಟಲಿ ಬಾಯಿಗಿಟ್ಟು ಕುಡಿದಂತೆ ನಟಿಸುವುದನ್ನು ಕಲಿತರು.

ಇಷ್ಟಾದರೂ ಶಾಲೆ ಬಿಡಿಸಲಿಲ್ಲ ಯಾಕೆ ಅಂತ ಕೇಳುತ್ತೀರಿ. ಬಿಡಿಸಲು ಹೊರಟಿದ್ದೆ. ಏಳನೇ ಕ್ಲಾಸ್ ಮುಗಿದಾಗ ಬೇರೆ ಕಡೆ ಅರ್ಜಿ ಕೂಡ ತಂದಿಟ್ಟಿದ್ದೆ. ಮಗಳು ಬಿಲ್‌ಕುಲ್ ಒಪ್ಪಲಿಲ್ಲ. ಕಾರಣ ಮೈದಾನ.

ಅವಳು ಮೊದಲು ಓದಿದ ಶಾಲೆಯಲ್ಲಿ ಆಟದ ಪೀರಿಯಡ್ ಅಂದರೆ ಹುಡುಗರಿಗೆ ಕ್ರಿಕೆಟ್, ಹುಡುಗಿಯರಿಗೆ ಮರದ ಕೆಳಗೆ ಅಂತ್ಯಾಕ್ಷರಿ. ಇಲ್ಲಿ ಇಡೀ ಮೈದಾನ ಇವರದೇ. ಥ್ರೋಬಾಲ್, ಖೋಖೋ, ಕಬಡ್ಡಿ. ಥ್ರೋಬಾಲ್‌ನಲ್ಲಿ ಚೆಂಡನ್ನು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದುಕೊಳ್ಳುವ ಹಾಗಿಲ್ಲ, ತಕ್ಷಣ ಎಸೆಯಬೇಕು. ಮನೆಯಲ್ಲಿ ತೊಳೆದ ಪಾತ್ರೆಯನ್ನೂ ಹಾಗೇ ಎಸೆಯುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ತಂಡ ತಾಲೂಕು ಮಟ್ಟಕ್ಕೆ ಹೋಗಿ ಸೋತು ಬಂತು. ಬಸ್ಸಿನಲ್ಲಿ ಹಾಡು ಹೇಳಿಕೊಂಡು ಬಂದರಂತೆ, ಗೆದ್ದವರ ಹಾಗೆ.

ಆನಿವರ್ಸರಿ ದಿನ ನೋಡಬೇಕು. ಬೆಂಚು ಹೊರುವವರು ಹುಡುಗಿಯರು, ಮೈಕ್ ಸೆಟ್ಟಿಗೆ ವಯರ್ ಸಿಕ್ಕಿಸುವವರು ಹುಡುಗಿಯರು, ನಾಟಕದಲ್ಲಿ ಮೀಸೆ ಅಂಟಿಸಿಕೊಂಡು ರಾಜನಾಗುವವಳೂ ಹುಡುಗಿ. "ಹುಡುಗರೇ, ಬಂದು ಎತ್ತಿಕೊಡಿ" ಅನ್ನಲು ಅಲ್ಲಿ ಯಾರೂ ಇಲ್ಲವಲ್ಲ. ಈಗ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸುವವಳು ಅವಳೇ. ಅಪ್ಪ ಬರಲಿ ತಾಳು ಅಂದರೆ ನಗುತ್ತಾಳೆ.

ಮುಟ್ಟಿನ ವಿಷಯದಲ್ಲೂ ಶಾಲೆಗಿಂತ ಹುಡುಗಿಯರೇ ಮೇಲು. ಆಫೀಸಿನಲ್ಲಿ ಪ್ಯಾಡ್ ಕೊಡುತ್ತಾರೆ, ನಿಜ. ಆದರೆ ರಿಜಿಸ್ಟರ್‌ನಲ್ಲಿ ಹೆಸರು, ಸೆಕ್ಷನ್ ಬರೆದು ಸಹಿ ಹಾಕಬೇಕು. ಚೆಕ್ ಬುಕ್ ಇಸಿದುಕೊಳ್ಳುವುದಕ್ಕೂ ನಮ್ಮ ಸಂಘದಲ್ಲಿ ಅಷ್ಟೇ ಶಾಸ್ತ್ರ. ಹುಡುಗಿಯರು ಕ್ಲಾಸಿನ ಕೊನೆಯ ಬೆಂಚಿನ ಡ್ರಾಯರ್‌ನಲ್ಲಿ ಹಳೆಯ ಜಾಮೆಟ್ರಿ ಬಾಕ್ಸ್ ಪೌಚ್ ಒಂದರಲ್ಲಿ ಪ್ಯಾಡ್ ಇಟ್ಟಿದ್ದರು. ತೆಗೆದುಕೊಂಡವಳು ಇನ್ನೊಂದು ದಿನ ತಂದಿಡಬೇಕು, ಅಷ್ಟೇ ನಿಯಮ. ಯೂನಿಫಾರ್ಮಿಗೆ ಕಲೆಯಾದರೆ ಯಾರದೋ ಸ್ವೆಟರ್ ಸೊಂಟಕ್ಕೆ ಬರುತ್ತಿತ್ತು. ಮಗಳಿಗೆ ಮೊದಲ ಸಲ ಆದಾಗ ನಾನು ಹೇಳಿಕೊಡಬೇಕಾದದ್ದು ಏನೂ ಉಳಿದಿರಲಿಲ್ಲ.

ಟಾಯ್ಲೆಟ್ ಕೊನೆಗೂ ಸ್ವಲ್ಪ ಸರಿಯಾದದ್ದು ಪಿಟಿ ಮಿಸ್ ದೆಸೆಯಿಂದ. ಆಟವಾಡಿದ ಮಕ್ಕಳು ನೀರು ಕುಡಿಯದೆ ತಲೆ ಸುತ್ತಿ ಕೂರುವುದನ್ನು ನೋಡಿ ಅವರು ಆಫೀಸಿನಲ್ಲಿ ಜಗಳವನ್ನೇ ಮಾಡಿದರಂತೆ. ಚಿಲಕ ಬಂತು, ಇನ್ನೊಬ್ಬರು ಆಯಮ್ಮ ಬಂದರು, ಬಕೆಟ್ ಜೊತೆ ಮಗ್ಗೂ ಬಂತು. ಟಾಯ್ಲೆಟ್ ಸಂಖ್ಯೆ ಮಾತ್ರ ಹೆಚ್ಚಲಿಲ್ಲ. ಹತ್ತನೇ ಕ್ಲಾಸಿನ ಹೊತ್ತಿಗೆ ಬಾಟಲಿ ಅರ್ಧ ಖಾಲಿಯಾಗಿ ಬರುತ್ತಿತ್ತು.

ಖರ್ಚಿನ ಬಗ್ಗೆ ಒಂದೆರಡು ಮಾತು. ಫೀಸಿಗಿಂತ ಬಿಡಿ ಖರ್ಚೇ ಚುಚ್ಚುವುದು. ಯೂನಿಫಾರ್ಮ್ ಅವರು ಹೇಳಿದ ಅಂಗಡಿಯಲ್ಲೇ ತರಬೇಕು, ಬೆಲ್ಟಿನ ಬಕಲ್ ವರ್ಷ ತಾಳುವುದಿಲ್ಲ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಫ್ರೀ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ವ್ಯಾನ್ ಬಿಡಿಸಿ ಸಿಟಿ ಬಸ್ಸಿಗೆ ಹಾಕಿದೆ, ಆ ದುಡ್ಡು ಉಳಿಯಿತು. ಇನ್ನು ಭಾಷೆಯ ವಿಷಯ. ಫಸ್ಟ್ ಲ್ಯಾಂಗ್ವೇಜ್ ಸಂಸ್ಕೃತ ತೆಗೆದುಕೊಂಡರೆ 125ಕ್ಕೆ 125 ಬರುತ್ತದೆ ಎಂದು ಎಂಟನೇ ಕ್ಲಾಸಿನಲ್ಲಿ ತುಂಬಾ ಹೇಳುತ್ತಾರೆ. ಒತ್ತಾಯವಿಲ್ಲ. ಮಗಳು ಕನ್ನಡವೇ ತೆಗೆದುಕೊಂಡಳು, ಮಾರ್ಕ್ಸಿಗೇನೂ ಮೋಸವಾಗಲಿಲ್ಲ. ಕನ್ನಡ ಮಿಸ್ ಬಹಳ ಒಳ್ಳೆಯವರು.

ನನ್ನ ನಾದಿನಿ ಈಗ ಅವಳ ಮಗಳಿಗೆ ಇದೇ ಶಾಲೆ ನೋಡುತ್ತಿದ್ದಾಳೆ. ಸೇರಿಸು ಅಂದಿದ್ದೇನೆ. ಆದರೆ ಅಡ್ಮಿಷನ್ ದಿನ ಅವರು ತೋರಿಸುವುದು ಆಫೀಸ್ ಪಕ್ಕದ, ಟೈಲ್ಸ್ ಹಾಕಿದ ಟಾಯ್ಲೆಟ್. ಅದು ಸ್ಟಾಫ್‌ದು. ಮಕ್ಕಳದು ಹಿಂದಿನ ಬ್ಲಾಕ್‌ನಲ್ಲಿದೆ. ಫಾರ್ಮ್ ತೆಗೆದುಕೊಳ್ಳಲು ಹೋಗುವುದಾದರೆ ಶಾರ್ಟ್ ಬ್ರೇಕ್ ಹೊತ್ತಿಗೇ ಹೋಗಿ, ಆ ಕಡೆ ನಡೆದು ಸಾಲು ಎಷ್ಟು ಉದ್ದ ಇದೆ ನೋಡಿ. ಯಾರಾದರೂ ತಡೆದರೆ ಮಗುವಿಗೆ ಅರ್ಜೆಂಟ್ ಅನ್ನಿ.