ನ್ಯಾಷನಲ್ ಪರ್ಮಿಟ್ ದುಡ್ಡನ್ನು ಏಜೆಂಟ್ ಕೈಗೆ ಕೊಡುವ ಮೊದಲು ಇದನ್ನು ಓದಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಲಾರಿ ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಹೋದ ತಿಂಗಳು ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನನ್ನದು ಒಂದೇ ಲಾರಿ, ಹತ್ತು ಚಕ್ರದ್ದು. ಗಂಗಾವತಿ ಮಿಲ್ಲಿನಿಂದ ಸೋಲಾಪುರಕ್ಕೆ ಅಕ್ಕಿ ಲೋಡ್ ಸಿಕ್ಕಿತು. 25 ಕೆಜಿಯ 720 ಚೀಲ, ಅಂದರೆ 18 ಟನ್. ರಾತ್ರಿ ಹೊರಟ ಲಾರಿ ಕುಷ್ಟಗಿ, ವಿಜಯಪುರ ದಾಟಿ, ಬೆಳಗಿನ ಜಾವ ಧೂಳಖೇಡದ ಹತ್ತಿರ ಭೀಮಾ ಸೇತುವೆಯನ್ನೂ ದಾಟಿ ಮಹಾರಾಷ್ಟ್ರಕ್ಕೆ ಹೋಯಿತು. ಆರು ಗಂಟೆಗೆ ಡ್ರೈವರ್ ಫೋನ್ ಬಂತು. "ಅಣ್ಣಾರ, ಎನ್‌ಪಿ ಮುಗದೈತಿ ಅಂತಾರ. ಗಾಡಿ ಸೈಡಿಗೆ ಹಾಕ್ಸ್ಯಾರ."

ಎನ್‌ಪಿ ಅಂದರೆ ನ್ಯಾಷನಲ್ ಪರ್ಮಿಟ್, ಬೇರೆ ರಾಜ್ಯಕ್ಕೆ ಲೋಡ್ ಒಯ್ಯಲು ಬೇಕಾದ ಅನುಮತಿ. ನನಗೆ ನಂಬಿಕೆಯೇ ಬರಲಿಲ್ಲ. ಅದಕ್ಕೆ ಏಜೆಂಟ್ ಕೈಗೆ ದುಡ್ಡು ಕೊಟ್ಟು ಮೂರು ತಿಂಗಳೂ ಆಗಿರಲಿಲ್ಲ. ರಸೀದಿ ಮನೆಯಲ್ಲೇ ಇತ್ತು, ಫೋಟೊ ತೆಗೆದು ಕಳಿಸಿದೆ. ಆದರೆ ತಪಾಸಣೆಯವರಿಗೆ ಕಾಗದ ಬೇಕಿರಲಿಲ್ಲ. ಲಾರಿ ನಂಬರ್ ಹಾಕಿದರೆ ಅವರ ಮೊಬೈಲ್‌ನಲ್ಲಿ ಅವಧಿ ಮುಗಿದಿದೆ ಅಂತಲೇ ಬರುತ್ತಿತ್ತು.

ಆಮೇಲೆ ಫೈಲ್ ತೆಗೆದು ಹೋದ ವರ್ಷದ ರಸೀದಿ, ಈ ವರ್ಷದ ರಸೀದಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ರಸೀದಿ ನಂಬರ್ ಎರಡರಲ್ಲೂ ಒಂದೇ. ದುಡ್ಡು ಕಟ್ಟಿದ ಗಂಟೆ, ನಿಮಿಷವೂ ಒಂದೇ. ಇಸವಿಯ ಕೊನೆಯ ಅಂಕಿ ಮಾತ್ರ ಬೇರೆ. ಆ ಅಂಕಿ ಪಕ್ಕದವುಗಳಿಗಿಂತ ಸ್ವಲ್ಪ ದಪ್ಪ. ಹಳೇ ರಸೀದಿಯನ್ನೇ ತಿದ್ದಿ ಪ್ರಿಂಟ್ ತೆಗೆದು ಕೊಟ್ಟಿದ್ದ. ಎಂಟು ವರ್ಷದಿಂದ ನಮ್ಮ ಕಾಗದ ಪತ್ರ ಮಾಡಿಸುತ್ತಿದ್ದ ಏಜೆಂಟ್ ಅವನು. ಹಬ್ಬಕ್ಕೆ ಮನೆಗೆ ಬಂದು ಊಟ ಮಾಡುವಷ್ಟು ಸಲಿಗೆ. "ನೀವ್ಯಾಕ ಅಡ್ಡಾಡ್ತೀರಿ, ನಾ ಅದೀನಲ್ಲ" ಅಂತ 19,000 ತಗೊಂಡು ಹೋಗಿದ್ದ.

ಇಲ್ಲಿ ಬಹಳ ಜನ ಎಡವುತ್ತಾರೆ. ನ್ಯಾಷನಲ್ ಪರ್ಮಿಟ್ 5 ವರ್ಷಕ್ಕೆ ಸಿಗುತ್ತದೆ, ನಿಜ. ಆದರೆ ಬೇರೆ ರಾಜ್ಯದಲ್ಲಿ ಓಡಿಸಲು ಬೇಕಾದ ಆಥರೈಸೇಷನ್ 1 ವರ್ಷಕ್ಕೆ ಮಾತ್ರ. ಪ್ರತಿ ವರ್ಷ ಎಲ್ಲ ರಾಜ್ಯಕ್ಕೂ ಸೇರಿಸಿ ಶುಲ್ಕ 16,500, ಅದರ ಮೇಲೆ ಆಥರೈಸೇಷನ್‌ಗೆ 1,000 ಕಟ್ಟಬೇಕು. 2010ಕ್ಕೆ ಮುಂಚೆ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಡಿಡಿ ತೆಗೆಸಬೇಕಿತ್ತು, ಆಗ ಏಜೆಂಟ್ ಇಲ್ಲದೆ ಆಗುತ್ತಿರಲಿಲ್ಲ. ಈಗ ಇಡೀ ದೇಶಕ್ಕೆ ಒಂದೇ ಸಲ, ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ಮನೆಯಲ್ಲೇ ಕೂತು ಕಟ್ಟಬಹುದು. ನಾನು ಮಾತ್ರ ಹಳೇ ರೂಢಿ ಬಿಡಲಿಲ್ಲ.

ಅಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅಂದರೆ, ಆ ಮೂರು ತಿಂಗಳೂ ನನಗೆ ಬೆಂಗಳೂರು, ಹುಬ್ಬಳ್ಳಿ ಲೋಡೇ ಸಿಕ್ಕಿತ್ತು. ನಮ್ಮ ರಾಜ್ಯದೊಳಗೆ ಈ ಆಥರೈಸೇಷನ್ ಯಾರೂ ಕೇಳುವುದಿಲ್ಲ.

ದಂಡ 10,000 ಬಿತ್ತು. ಮೋಟಾರು ವಾಹನ ಕಾಯ್ದೆಯ 192ಎ ಕಲಂ ಪ್ರಕಾರ ಮೊದಲ ಸಲಕ್ಕೇ ಅಷ್ಟು, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಅಲ್ಲಿಗೆ ಮುಗಿಯಲಿಲ್ಲ. ಹೊಸದಾಗಿ ಶುಲ್ಕ ಕಟ್ಟಿದರೆ ಮಾತ್ರ ಗಾಡಿ ಬಿಡುತ್ತೇವೆ ಅಂದರು. ಕಟ್ಟಲು ಕೂತರೆ ಒಟಿಪಿ ನನ್ನ ಫೋನಿಗೆ ಬರಲಿಲ್ಲ. ಲಾರಿಯ ದಾಖಲೆಯಲ್ಲಿ ಆ ಏಜೆಂಟ್ ತನ್ನ ಮೊಬೈಲ್ ನಂಬರ್ ಹಾಕಿಸಿಕೊಂಡಿದ್ದ! ಅವಧಿ ಮುಗಿಯುವ ಮೆಸೇಜ್ ಒಂದೂ ನನಗೆ ಯಾಕೆ ಬಂದಿರಲಿಲ್ಲ ಅಂತ ಆಗ ಅರ್ಥವಾಯಿತು. ಫೋನ್ ಮಾಡಿದರೆ ಸ್ವಿಚ್ ಆಫ್.

ಆರ್‌ಟಿಒ ಕಚೇರಿಗೆ ಓಡಾಡಿ ನಂಬರ್ ಬದಲಾಯಿಸಿ ದುಡ್ಡು ಕಟ್ಟುವಷ್ಟರಲ್ಲಿ ಎರಡು ದಿನ ಹೋಯಿತು. ಡ್ರೈವರ್, ಕ್ಲೀನರ್ ಇಬ್ಬರೂ ರಸ್ತೆ ಪಕ್ಕದಲ್ಲೇ ಮಲಗಿದರು. ಎರಡನೇ ರಾತ್ರಿ ಮಳೆ ಬಂದು, ತಾಡಪಾಲು ಬಿಗಿ ಮಾಡುತ್ತಾ ನಿದ್ದೆಗೆಟ್ಟರು. ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡಿಸುವ ಇ-ವೇ ಬಿಲ್ 300 ಕಿಲೋಮೀಟರ್ ದಾರಿಗೆ ಎರಡೇ ದಿನದ್ದು, ಅದೂ ಮುಗಿಯಿತು. ಅವಧಿ ಮುಗಿದ 8 ಗಂಟೆಯೊಳಗೆ ವಿಸ್ತರಿಸಬೇಕು ಅಂತ ಗೊತ್ತಿದ್ದ ಮಿಲ್ಲಿನ ಗುಮಾಸ್ತರು ರಾತ್ರಿ ಎದ್ದು ಮಾಡಿಕೊಟ್ಟರು, ಅವರಿಗೆ ನಾನು ಋಣಿ. ತಡವಾಯಿತು ಅಂತ ಬಾಡಿಗೆಯಲ್ಲಿ ಮುರಿದುಕೊಂಡರು. ಅದು ನ್ಯಾಯವೇ.

ಇವೆಲ್ಲಕ್ಕಿಂತ ನನಗೆ ಭಯ ಆದದ್ದು ಇನ್ಶೂರೆನ್ಸ್ ವಿಷಯ ಕೇಳಿದಾಗ. ಪರ್ಮಿಟ್ ಇಲ್ಲದ ಗಾಡಿಯಿಂದ ಅಪಘಾತ ಆದರೆ, ಕಂಪನಿ ನೊಂದವರಿಗೆ ದುಡ್ಡು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೋಲಾಪುರ ದಾರಿಯಲ್ಲಿ ಯಾರಿಗಾದರೂ ಏನಾದರೂ ಆಗಿದ್ದರೆ? ಲಾರಿ ಮಾರಿದರೂ ಸಾಲುತ್ತಿರಲಿಲ್ಲ.

ಹಾಗಾಗಿ ನಿಮ್ಮ ಲಾರಿಯ ದಾಖಲೆಯಲ್ಲಿ ಯಾರ ಮೊಬೈಲ್ ನಂಬರ್ ಇದೆ ಅಂತ ಇವತ್ತೇ ನೋಡಿ. ಏಜೆಂಟ್ ಒಳ್ಳೆಯವರೇ ಇರಬಹುದು, ಎಲ್ಲರೂ ಹೀಗಿರುವುದಿಲ್ಲ. ಆದರೂ ಕಾಗದದ ರಸೀದಿ ನೋಡಿ ಸುಮ್ನೆ ಕೂರಬೇಡಿ. ಆನ್‌ಲೈನ್‌ನಲ್ಲಿ ಅವಧಿ ನೋಡಿ, ಆಮೇಲೆ ಲೋಡ್ ಒಪ್ಪಿಕೊಳ್ಳಿ.

ಮೊನ್ನೆ ನಮ್ಮ ಓಣಿಯ ಇಬ್ಬರ ಲಾರಿ ನಂಬರ್ ಹಾಕಿ ನೋಡಿದೆವು. ಒಬ್ಬರದು ಸರಿ ಇತ್ತು. ಇನ್ನೊಬ್ಬರದು ಮುಗಿದು ನಾಲ್ಕು ತಿಂಗಳಾಗಿತ್ತು, ಅವರಿಗೂ ಅದೇ ಏಜೆಂಟ್. ಅವರ ಲಾರಿ ಆಗಲೇ ರಾಯಚೂರು ಬಿಟ್ಟು ಹೈದರಾಬಾದ್ ಕಡೆ ಹೊರಟಿತ್ತು. ಡ್ರೈವರ್‌ಗೆ ಫೋನ್ ಮಾಡಿ ಶಕ್ತಿನಗರದಲ್ಲಿ, ಕೃಷ್ಣಾ ಸೇತುವೆಗೆ ಮೊದಲೇ ನಿಲ್ಲಿಸಿದೆವು. ಸೇತುವೆ ದಾಟಿದರೆ ತೆಲಂಗಾಣ. ನಮ್ಮ ಕಟ್ಟೆ ಮೇಲೆ ಕೂತೇ ದುಡ್ಡು ಕಟ್ಟಿ ರಸೀದಿ ಕಳಿಸಿದೆವು. ಆಮೇಲೆ ಲಾರಿ ಹೊಳೆ ದಾಟಿತು.